‘ಈ ಪ್ರಾಜೆಕ್ಟ್ ಇನ್ನೂ ಬದುಕಿದೆಯೇ?’: ಎಕ್ಸ್‌ಝಡ್ ಪ್ರಕರಣದ ಅಧ್ಯಯನ

2024ರ ಮಾರ್ಚ್ ತಿಂಗಳ ಕೊನೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್‌ಗಳಲ್ಲಿ ಒಬ್ಬರಾದ, ಮೈಕ್ರೋಸಾಫ್ಟ್‌ನಲ್ಲಿ ಕೆಲಸ ಮಾಡುವ ಆಂಡ್ರೆಸ್ ಫ್ರಾಯಂಡ್ ಡೆಬಿಯನ್ ಎಂಬ ಲಿನಕ್ಸ್ ಬಗೆ ಓಡುವ ತಮ್ಮ ಯಂತ್ರದಲ್ಲಿ ವೇಗದ ಅಳತೆ ತೆಗೆಯುತ್ತಿದ್ದರು. ಇಂಥ ಅಳತೆಗೆ ಯಂತ್ರ ಸದ್ದಿಲ್ಲದೆ ಇರಬೇಕು. ಹಿನ್ನೆಲೆಯಲ್ಲಿ ಬೇರೇನೋ ಓಡುತ್ತಿದ್ದರೆ ಅಂಕಿಗಳೆಲ್ಲ ಕೆಡುತ್ತವೆ. ಅವರ ಯಂತ್ರ ಸುಮ್ಮನಿರಲಿಲ್ಲ. ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಸರ್ವರ್ ಸಿಪಿಯು ನುಂಗುತ್ತಿತ್ತು. ಇಂಟರ್ನೆಟ್ಟಿಗೆ ತೆರೆದುಕೊಂಡ ಯಾವ ಯಂತ್ರದ ಬಾಗಿಲನ್ನಾದರೂ ಬಾಟ್‌ಗಳು ಬಡಿಯುತ್ತಲೇ ಇರುತ್ತವೆ, ಅದರಲ್ಲಿ ವಿಶೇಷವಿಲ್ಲ. ಆದರೆ ಇಲ್ಲದ ಬಳಕೆದಾರರ ಹೆಸರು ಹಿಡಿದು ಬಂದವರನ್ನು ಸರ್ವರ್ ಕ್ಷಣದಲ್ಲಿ ಹೊರಗೆ ಕಳಿಸಬೇಕು. ಇಲ್ಲಿ ಕಳಿಸುವುದಕ್ಕೂ ಹೊತ್ತು ಹಿಡಿಯುತ್ತಿತ್ತು. ಗಡಿಯಾರ ಹಿಡಿದು ನೋಡಿದರೆ ಮೊದಲು 0.299 ಸೆಕೆಂಡಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ 0.807 ಸೆಕೆಂಡು.

ಆ ನಿಧಾನದ ಹಿಂದೆ ಇದ್ದದ್ದು ಎಕ್ಸ್‌ಝಡ್ ಎಂಬ ತಂತ್ರಾಂಶದೊಳಗೆ ಯಾರೋ ಬಚ್ಚಿಟ್ಟಿದ್ದ ಹಿಂಬಾಗಿಲು, ಅಂದರೆ ದಾಳಿಕೋರರು ಗುಟ್ಟಾಗಿ ಒಳನುಗ್ಗುವ ದಾರಿ. ಅರ್ಧ ಸೆಕೆಂಡು ಜಗತ್ತನ್ನು ಉಳಿಸಿತು ಎಂದು ಈ ಕಥೆ ಹೇಳುವುದು ವಾಡಿಕೆಯಾಗಿಬಿಟ್ಟಿದೆ. ಹೇಳಲಿ, ಸುಳ್ಳೇನಲ್ಲ. ನನಗೆ ಮಾತ್ರ ಈ ಪ್ರಕರಣವನ್ನು ಓದಿದಾಗಲೆಲ್ಲ ಕಾಣುವುದು ಬೇರೆಯದೇ. ಇದು ಶುರುವಾದದ್ದು ಕೆಲವು ಪ್ರಶ್ನೆಗಳಿಂದ, ಬಯಲಾದದ್ದು ಇನ್ನೊಂದು ಪ್ರಶ್ನೆಯಿಂದ. ಮೊದಲನೆಯವು ಉತ್ತರ ಬೇಡದ ಪ್ರಶ್ನೆಗಳು. ಎರಡನೆಯದು ಉತ್ತರ ಸಿಗುವವರೆಗೆ ಬಿಡದ ಪ್ರಶ್ನೆ. ಮುಕ್ತ ತಂತ್ರಾಂಶದ ಲೋಕದಲ್ಲಿ ದಿನಬೆಳಗಾದರೆ ನಾವೆಲ್ಲ ಎರಡೂ ಬಗೆಯವನ್ನು ಕೇಳುತ್ತಿರುತ್ತೇವೆ, ಅದಕ್ಕೇ ಇದನ್ನು ನಿಧಾನವಾಗಿ ನೋಡಬೇಕೆನಿಸಿತು.

ಒಬ್ಬರ ಹೆಗಲ ಮೇಲೆ

ಎಕ್ಸ್‌ಝಡ್ ಫೈಲ್‌ಗಳನ್ನು ಕುಗ್ಗಿಸುವ ಸಲಕರಣೆ. ಅದರ ಜೊತೆಗೆ ಬರುವ ಲಿಬ್‌ಎಲ್‌ಝಡ್‌ಎಂಎ ಎಂಬ ಲೈಬ್ರರಿ ಬಹುಪಾಲು ಲಿನಕ್ಸ್ ಯಂತ್ರಗಳಲ್ಲಿ ಇದ್ದೇ ಇರುತ್ತದೆ. ಪ್ಯಾಕೇಜ್ ಬಿಚ್ಚುವಾಗಲೂ ಇದು ಬೇಕು, ಕರ್ನಲ್ ಚಿತ್ರ ಕುಗ್ಗಿಸುವಾಗಲೂ ಬೇಕು. ಇಷ್ಟು ಕಡೆ ನೆಲೆಯೂರಿದ ಈ ಕೋಡನ್ನು ವರ್ಷಗಟ್ಟಲೆ ನೋಡಿಕೊಂಡವರು ಫಿನ್‌ಲ್ಯಾಂಡಿನ ಲಾಸ್ಸೆ ಕಾಲಿನ್, ಹೆಚ್ಚುಕಡಿಮೆ ಒಬ್ಬರೇ. ಸಂಬಳವಿಲ್ಲ. ಬಿಡುವಿನಲ್ಲಿ ಮಾಡುವ ಕೆಲಸ.

2021ರಲ್ಲಿ ‘ಜಿಯಾ ಟಾನ್’ ಎಂಬ ಹೆಸರಿನ ಖಾತೆಯೊಂದು ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಹುಟ್ಟಿಕೊಂಡಿತು. ಅದರ ಹಿಂದೆ ಇದ್ದದ್ದು ಒಬ್ಬರೋ ಒಂದು ತಂಡವೋ ಸಾಬೀತಾಗಿಲ್ಲ. ಹಾಗಾಗಿ ‘ಖಾತೆ’ ಎಂದೇ ಕರೆಯುತ್ತೇನೆ. ಆ ವರ್ಷದ ಅಕ್ಟೋಬರ್‌ನಲ್ಲಿ ಅದು ಎಕ್ಸ್‌ಝಡ್‌ಗೆ ಕಳಿಸಿದ ಮೊದಲ ಪ್ಯಾಚ್ (ಕೋಡಿಗೆ ಸೂಚಿಸುವ ಬದಲಾವಣೆ) ಎಡಿಟರ್ ಸೆಟ್ಟಿಂಗ್‌ನ ಒಂದು ಚಿಕ್ಕ ಫೈಲ್. ಯಾರಿಗೂ ತೊಂದರೆಯಿಲ್ಲದ್ದು. ಮರುತಿಂಗಳು ಲಿಬ್‌ಆರ್ಕೈವ್ ಎಂಬ ಇನ್ನೊಂದು ಪ್ರಾಜೆಕ್ಟಿಗೂ ಒಂದು ಬದಲಾವಣೆ ಹೋಯಿತು. ಅದರಲ್ಲಿ ಸುರಕ್ಷಿತವಾಗಿ ಮುದ್ರಿಸುವ ಫಂಕ್ಷನ್ ತೆಗೆದು ಸಾಧಾರಣ ಫಂಕ್ಷನ್ ಇಟ್ಟಿತ್ತು. ಯಾರೂ ಹುಬ್ಬೇರಿಸಲಿಲ್ಲ, ಒಳಗೆ ಸೇರಿತು. ಇದನ್ನು ಮತ್ತೆ ತೆಗೆದು ನೋಡಿದ್ದು 2024ರಲ್ಲೇ.

ಉತ್ತರ ಬೇಡದ ಪ್ರಶ್ನೆಗಳು

2022ರ ಏಪ್ರಿಲ್‌ನಿಂದ ಜೂನ್‌ವರೆಗಿನ ಪತ್ರಗಳು ಇಂದಿಗೂ ಓದಲು ಸಿಗುತ್ತವೆ. ಈ ಪ್ರಕರಣದ ತಿರುಳು ಅಲ್ಲೇ ಇದೆ ಎಂದು ನನ್ನ ಎಣಿಕೆ.

ಜಿಯಾ ಟಾನ್ ಒಂದು ಪ್ಯಾಚ್ ಕಳಿಸುತ್ತದೆ. ಕೆಲವೇ ದಿನಗಳಲ್ಲಿ ‘ಜಿಗರ್ ಕುಮಾರ್’ ಎಂಬ ಹೆಸರು ಪ್ರತ್ಯಕ್ಷವಾಗುತ್ತದೆ. ಪ್ಯಾಚ್ ಯಾಕೆ ಇನ್ನೂ ಸೇರಿಲ್ಲ? ತಿಂಗಳು ಕಳೆದರೂ ಹಾಗೇ ಇದೆ, ಇದರಲ್ಲಿ ಆಶ್ಚರ್ಯವೇನೂ ಇಲ್ಲ ಬಿಡಿ, ಎಂಬ ಧಾಟಿ. ಮೇ ತಿಂಗಳಲ್ಲಿ ‘ಡೆನಿಸ್ ಎನ್ಸ್’ ಎಂಬ ಇನ್ನೊಂದು ಹೆಸರು ಬಂದು, ಎಕ್ಸ್‌ಝಡ್‌ನ ಜಾವಾ ಆವೃತ್ತಿಯನ್ನು ಯಾರಾದರೂ ಇನ್ನೂ ನೋಡಿಕೊಳ್ಳುತ್ತಿದ್ದಾರೆಯೇ ಎಂದು ವಿನಯವಾಗಿಯೇ ಕೇಳುತ್ತದೆ. ವಾರಗಳು ಕಳೆದಂತೆ ವಿನಯ ಕರಗುತ್ತದೆ. ಹೊಸ ಮೇಂಟೇನರ್ (ಪ್ರಾಜೆಕ್ಟ್ ನೋಡಿಕೊಳ್ಳುವವರು) ಬರುವವರೆಗೆ ಈ ಪ್ರಾಜೆಕ್ಟ್ ಮುಂದೆ ಹೋಗುವುದಿಲ್ಲ ಎಂದು ಜಿಗರ್ ಕುಮಾರ್ ತೀರ್ಪನ್ನೇ ಕೊಟ್ಟುಬಿಡುತ್ತದೆ.

ಕಾಲಿನ್ ಜೂನ್ 8ರಂದು ಉತ್ತರಿಸಿದರು. ಆಸಕ್ತಿ ಹೋಗಿಲ್ಲ, ಬಹುಕಾಲದ ಮಾನಸಿಕ ಆರೋಗ್ಯದ ತೊಂದರೆ ಮತ್ತು ಬೇರೆ ಕಾರಣಗಳಿಂದ ಗಮನ ಕೊಡುವ ಶಕ್ತಿ ಕುಂದಿದೆ, ಇತ್ತೀಚೆಗೆ ಜಿಯಾ ಟಾನ್ ಜೊತೆ ಖಾಸಗಿಯಾಗಿ ಸ್ವಲ್ಪ ಕೆಲಸ ನಡೆದಿದೆ, ಮುಂದೆ ಅವರ ಪಾತ್ರ ಹೆಚ್ಚಬಹುದು, ಇದು ಹಣ ಬರದ ಹವ್ಯಾಸದ ಕೆಲಸ ಎಂಬುದೂ ನೆನಪಿರಲಿ. ಹೀಗೆ ಸಾಗುತ್ತದೆ ಆ ಪತ್ರ. ಇಷ್ಟು ಮನಬಿಚ್ಚಿ ಬರೆದವರಿಗೆ ಡೆನಿಸ್ ಎನ್ಸ್ ಕೊಟ್ಟ ಮಾರುತ್ತರ ಓದಿದರೆ ಮೈ ಉರಿಯುತ್ತದೆ. ನಿಮ್ಮ ತೊಂದರೆಗೆ ಮರುಕವಿದೆ, ಆದರೆ ನಿಮ್ಮ ಮಿತಿ ನಿಮಗೆ ಗೊತ್ತಿರಬೇಕು; ಸಿ ಆವೃತ್ತಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟರೆ ಜಾವಾ ಆವೃತ್ತಿಯನ್ನಾದರೂ ಸರಿಯಾಗಿ ನೋಡಿಕೊಳ್ಳಬಹುದಲ್ಲವೇ, ಎಂಬ ಸಲಹೆ ಅದು.

ಜಿಗರ್ ಕುಮಾರ್, ಡೆನಿಸ್ ಎನ್ಸ್ ಎಂಬ ಈ ಹೆಸರುಗಳಿಗೆ ಹಿಂದಿಲ್ಲ, ಮುಂದಿಲ್ಲ. ಬೇರೆಲ್ಲೂ ಕೋಡ್ ಬರೆದ ಗುರುತಿಲ್ಲ. ಇವು ಒಂದೇ ಕೈಯ ಬೇರೆ ಬೇರೆ ಮುಖವಾಡಗಳು ಎಂಬುದು ಪ್ರಕರಣವನ್ನು ಕೆದಕಿದವರ ಬಲವಾದ ಗುಮಾನಿ. ಒಬ್ಬ ಒತ್ತಡ ಹಾಕುತ್ತಾನೆ, ಇನ್ನೊಬ್ಬ ಸಹಾಯದ ಕೈ ಚಾಚುತ್ತಾನೆ. ಬೆದರಿಸುವ ಪೊಲೀಸ್, ನೀರು ಕೊಡುವ ಪೊಲೀಸ್ ಆಟ.

ಆದರೆ ನನಗೆ ಕಸಿವಿಸಿ ತರುವ ಸಂಗತಿ ಇನ್ನೊಂದಿದೆ. ಹೆಸರು ಮರೆಮಾಡಿ ಓದಿದರೆ ಆ ಪತ್ರಗಳಲ್ಲಿ ಅಪರೂಪದ್ದೇನೂ ಇಲ್ಲ. ಈ ಪ್ರಾಜೆಕ್ಟ್ ಸತ್ತಿದೆಯೇ, ಮುಂದಿನ ರಿಲೀಸ್ ಯಾವಾಗ, ನನ್ನ ಪ್ಯಾಚ್ ಯಾಕೆ ನೋಡಿಲ್ಲ ಎಂಬ ಸಾಲುಗಳು ಯಾವ ಪ್ರಾಜೆಕ್ಟಿನ ಇಶ್ಯೂ ಪಟ್ಟಿಯಲ್ಲೂ ಸಿಗುತ್ತವೆ. ನಾನೂ ಅಂಥದ್ದನ್ನು ಒಂದೆರಡು ಕಡೆ ಬರೆದವನೇ. ದಾಳಿಕೋರರು ಹೊಸ ಆಯುಧವನ್ನೇನೂ ಕಂಡುಹಿಡಿಯಲಿಲ್ಲ. ನಾವು ದಿನವೂ ಬಳಸುವ ಮಾತನ್ನೇ ಎತ್ತಿಕೊಂಡರು. ಕಾಲಿನ್‌ಗೆ ಅದು ನಿಜವಾದ ಬಳಕೆದಾರರ ಅಸಹನೆಯಂತೆಯೇ ಕೇಳಿಸಿದ್ದರೆ ತಪ್ಪು ಅವರದ್ದಲ್ಲ.

ನಂಬಿಕೆ ಬೆಳೆದ ಬಗೆ

ಮುಂದಿನ ಎರಡು ವರ್ಷಗಳ ಕಥೆಯಲ್ಲಿ ನಾಟಕೀಯವಾದದ್ದು ಕಡಿಮೆ. ಖಾತೆ ಕೆಲಸ ಮಾಡಿತು. ಬಗ್ ಸರಿಪಡಿಸಿತು, ಟೆಸ್ಟ್ ಬರೆಯಿತು, ಕೋಡನ್ನು ತಾನೇ ಬದಲಿಸುವ ಕಮಿಟ್ ಹಕ್ಕು ಪಡೆಯಿತು, 2023ರಲ್ಲಿ ಬಿಡುಗಡೆಗಳನ್ನೂ ತಾನೇ ಮಾಡತೊಡಗಿತು. ಅದೇ ವರ್ಷದ ಮಾರ್ಚ್‌ನಲ್ಲಿ ಓಎಸ್‌ಎಸ್-ಫಝ್‌ನಲ್ಲಿ ಎಕ್ಸ್‌ಝಡ್‌ನ ಮುಖ್ಯ ಸಂಪರ್ಕ ವಿಳಾಸ ಜಿಯಾ ಟಾನ್‌ನದ್ದಾಯಿತು. ಅರ್ಥವಿಲ್ಲದ ಡೇಟಾ ಸುರಿದು ದೋಷ ಹುಡುಕುವ, ಗೂಗಲ್ ನಡೆಸುವ ಸೇವೆ ಅದು. ಜೂನ್‌ನಲ್ಲಿ ‘ಹ್ಯಾನ್ಸ್ ಜಾನ್ಸೆನ್’ ಎಂಬ ಮತ್ತೊಂದು ಹೆಸರಿನಿಂದ ಐಫಂಕ್ ಎಂಬ ಸೌಲಭ್ಯ (ಅದೇನೆಂದು ಮುಂದೆ ಹೇಳುತ್ತೇನೆ) ಬಳಸುವ ಪ್ಯಾಚ್‌ಗಳು ಬಂದವು. ಜುಲೈನಲ್ಲಿ ಜಿಯಾ ಟಾನ್ ಓಎಸ್‌ಎಸ್-ಫಝ್‌ಗೆ ಹೋಗಿ, ಪರೀಕ್ಷೆಯ ಬಿಲ್ಡ್‌ಗಳಲ್ಲಿ ಐಫಂಕ್ ಆಫ್ ಮಾಡಿ ಎಂದು ಕೇಳಿತು. ಅವರು ಮಾಡಿದರು. ಬೇಲಿಯೇ ಎದ್ದು ಹೊಲ ಮೇಯುವುದಕ್ಕೆ ತಯಾರಿ ನಡೆದದ್ದು ಹೀಗೆ, ಹಾಡಹಗಲಲ್ಲಿ, ಎಲ್ಲರ ಒಪ್ಪಿಗೆ ಪಡೆದು.

ಹಿಂಬಾಗಿಲ ಕೆಲಸಗಾರಿಕೆ

ಈಗ ಯಂತ್ರದ ಒಳಗೆ ಹೋಗೋಣ. ಇಂಥ ನೀಚ ಕೆಲಸಕ್ಕೆ ಕಲೆ ಎನ್ನಬಾರದು, ಆದರೂ ಎನ್ನದೆ ಇರಲಾಗದು.

ಕುಗ್ಗಿಸುವ ಸಲಕರಣೆಯನ್ನು ಪರೀಕ್ಷಿಸಲು ಬೇಕೆಂದೇ ಕೆಡಿಸಿದ ಫೈಲ್‌ಗಳು ಬೇಕಾಗುತ್ತವೆ. ಕೆಟ್ಟ ಫೈಲ್ ಕೊಟ್ಟರೆ ಪ್ರೋಗ್ರಾಂ ಸರಿಯಾಗಿ ತಿರಸ್ಕರಿಸುತ್ತದೆಯೇ ಎಂದು ನೋಡಬೇಕಲ್ಲ. ಅವು ಬೈನರಿ ಫೈಲ್‌ಗಳು. ಯಾರೂ ತೆರೆದು ಓದುವುದಿಲ್ಲ, ಓದಲು ಬರುವುದೂ ಇಲ್ಲ. 2024ರ ಫೆಬ್ರವರಿ 23ರಂದು ಜಿಯಾ ಟಾನ್ ರೆಪೊಗೆ (ಪ್ರಾಜೆಕ್ಟಿನ ಕೋಡ್ ಇರುವ ಭಂಡಾರಕ್ಕೆ) ಸೇರಿಸಿದ ಟೆಸ್ಟ್ ಫೈಲ್‌ಗಳಲ್ಲಿ ಎರಡರ ಹೊಟ್ಟೆಯಲ್ಲಿ ವಿಷ ಇತ್ತು. ಹಾಗೆಂದು ಅವು ರೆಪೊದಲ್ಲಿ ಸುಮ್ಮನೆ ಕೂತಿದ್ದರೆ ಏನೂ ಆಗುತ್ತಿರಲಿಲ್ಲ. ಅವನ್ನು ಎಬ್ಬಿಸುವ ಕೈ ರೆಪೊದಲ್ಲಿ ಇರಲೇ ಇಲ್ಲ.

ಅದು ಇದ್ದದ್ದು ಪ್ರತಿ ಆವೃತ್ತಿಯ ಕೋಡನ್ನು ಕಟ್ಟುಕಟ್ಟಿ ಹಂಚುವ ಫೈಲ್‌ನಲ್ಲಿ, ಅಂದರೆ ಬಿಡುಗಡೆಯ ಟಾರ್‌ಬಾಲ್‌ನಲ್ಲಿ. ಬಿಲ್ಡ್ ಮಾಡಲು ಆಟೋಟೂಲ್ಸ್ ಎಂಬ ಸಲಕರಣೆಗಳನ್ನು ಬಳಸುವ ಪ್ರಾಜೆಕ್ಟ್‌ಗಳ ಟಾರ್‌ಬಾಲ್ ಮತ್ತು ರೆಪೊ ಒಂದೇ ಆಗಿರುವುದಿಲ್ಲ. ಬಿಲ್ಡ್ ಶುರುವಾಗುವ ಮುಂಚೆ ಓಡುವ ಕಾನ್ಫಿಗರ್ ಸ್ಕ್ರಿಪ್ಟ್‌ನಂಥ, ಯಂತ್ರವೇ ಹುಟ್ಟಿಸಿದ ಫೈಲ್‌ಗಳನ್ನು ಬಳಕೆದಾರರಿಗೆ ಅನುಕೂಲವಾಗಲೆಂದು ಟಾರ್‌ಬಾಲ್‌ಗೆ ತುಂಬಿ ಕೊಡುವುದು ಹಳೆಯ ರೂಢಿ. ಹಾಗಾಗಿ ಎರಡರ ನಡುವೆ ವ್ಯತ್ಯಾಸ ಕಂಡರೂ ಯಾರೂ ಬೆಚ್ಚುವುದಿಲ್ಲ. ಈ ರೂಢಿಯ ನೆರಳಿನಲ್ಲೇ ‘ಬಿಲ್ಡ್-ಟು-ಹೋಸ್ಟ್’ ಎಂಬ, ಆ ಸ್ಕ್ರಿಪ್ಟ್ ಹುಟ್ಟಿಸಲು ಬಳಸುವ ಎಂ4 ಮ್ಯಾಕ್ರೋ ಫೈಲ್ ಕೂತಿತ್ತು. ಗ್ನುಲಿಬ್ ಎಂಬ ಕೋಡ್ ಸಂಗ್ರಹದಲ್ಲಿ ಅದೇ ಹೆಸರಿನ ಅಸಲಿ ಫೈಲ್ ಇದೆ. ಇಲ್ಲಿನದರಲ್ಲಿ ಕೆಲವು ಸಾಲು ಮಾತ್ರ ಬೇರೆ. ಕೋಡ್ ರಿವ್ಯೂ ಮಾಡುವವರೆಲ್ಲ ಕಣ್ಣಿಟ್ಟಿದ್ದ ಜಾಗ ರೆಪೊ, ಜನ ಬಿಲ್ಡ್ ಮಾಡುತ್ತಿದ್ದ ಜಾಗ ಟಾರ್‌ಬಾಲ್. ಕಳ್ಳ ನಡುವಿನ ಓಣಿಯಲ್ಲಿ ನಡೆದುಹೋದ.

ಕಾನ್ಫಿಗರ್ ಓಡಿದಾಗ ಆ ಸಾಲುಗಳು ಮೊದಲ ಟೆಸ್ಟ್ ಫೈಲ್ ಎತ್ತಿಕೊಳ್ಳುತ್ತವೆ. ಅದು ಕೆಟ್ಟ ಫೈಲ್‌ನಂತೆ ಕಾಣುವುದು ಕೆಲವು ಬೈಟ್‌ಗಳನ್ನು ಅದಲುಬದಲು ಮಾಡಿದ್ದರಿಂದ. ‘ಟಿಆರ್’ ಎಂಬ ಹಳೇ ಯೂನಿಕ್ಸ್ ಆಜ್ಞೆಯಿಂದ ಅವನ್ನು ತಿರುಗಿ ಸರಿಮಾಡಿದರೆ ಅದು ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ, ಒಳಗಿಂದ ಶೆಲ್ ಸ್ಕ್ರಿಪ್ಟ್ ಹೊರಬರುತ್ತದೆ. ಆ ಸ್ಕ್ರಿಪ್ಟ್ ಮೊದಲು ಸುತ್ತಮುತ್ತ ನೋಡುತ್ತದೆ. ಇದು 64 ಬಿಟ್ ಇಂಟೆಲ್ ಬಗೆಯ ಲಿನಕ್ಸ್ ಯಂತ್ರವೇ? ಜಿಸಿಸಿ ಎಂಬ ಕಂಪೈಲರ್ ಇದೆಯೇ? ಡೆಬಿಯನ್ ಅಥವಾ ಆರ್‌ಪಿಎಂ ಪ್ಯಾಕೇಜ್ ತಯಾರಾಗುತ್ತಿದೆಯೇ? ಇಲ್ಲವೆಂದರೆ ತೆಪ್ಪಗೆ ಹೊರಟುಹೋಗುತ್ತದೆ. ಅಂದರೆ ಕುತೂಹಲಕ್ಕೆ ತನ್ನ ಲ್ಯಾಪ್‌ಟಾಪ್‌ನಲ್ಲಿ ಬಿಲ್ಡ್ ಮಾಡಿ ನೋಡುವ ಡೆವಲಪರ್ ಕೈಗೆ ಶುದ್ಧ ಲೈಬ್ರರಿಯೇ ಸಿಗುತ್ತದೆ. ಹೌದೆಂದರೆ ಎರಡನೆಯ ಟೆಸ್ಟ್ ಫೈಲ್‌ನಿಂದ, ಮೊದಲೇ ಕಂಪೈಲ್ ಮಾಡಿಟ್ಟ ಆಬ್ಜೆಕ್ಟ್ ಫೈಲ್ ಅಗೆದು ತೆಗೆದು ಲೈಬ್ರರಿಗೆ ಹೊಲಿಯುತ್ತದೆ.

ಐಫಂಕ್ ಕೆಲಸಕ್ಕೆ ಬಂದದ್ದು ಇಲ್ಲಿ. ಒಂದೇ ಫಂಕ್ಷನ್‌ನ ಹಲವು ರೂಪಗಳಲ್ಲಿ ಸಿಪಿಯುಗೆ ಹೊಂದುವುದನ್ನು ಪ್ರೋಗ್ರಾಂ ಲೋಡ್ ಆಗುವ ಹೊತ್ತಿಗೇ ಆರಿಸುವ ವ್ಯವಸ್ಥೆ ಅದು. ಆರಿಸುವ ಆ ಕೋಡ್ ತೀರಾ ಬೇಗ ಓಡುತ್ತದೆ, ಯಾವ ಫಂಕ್ಷನ್ ಎಲ್ಲಿದೆ ಎಂದು ತೋರಿಸುವ ಮುಖ್ಯ ಕೋಷ್ಟಕಗಳಿಗೆ ಇನ್ನೂ ಬೀಗ ಬಿದ್ದಿರುವುದಿಲ್ಲ. ಆ ಗಳಿಗೆಯಲ್ಲಿ ಹಿಂಬಾಗಿಲು ಎದ್ದು, ತಾನು ಇರುವುದು ಎಸ್‌ಎಸ್‌ಎಚ್ ಸರ್ವರ್‌ನೊಳಗೇ ಎಂದು ಖಚಿತಪಡಿಸಿಕೊಂಡು, ಕೀಲಿಯ ಸಹಿ ಪರೀಕ್ಷಿಸುವ ಆರ್‌ಎಸ್‌ಎ ಫಂಕ್ಷನ್‌ನ ಜಾಗದಲ್ಲಿ ತಾನು ಕೂರುತ್ತದೆ. ಆಮೇಲೆ ಲಾಗಿನ್ ಆಗಲು ಬರುವ ಪ್ರತಿ ಕೀಲಿಯನ್ನೂ ಇಣುಕಿ ನೋಡುತ್ತದೆ. ದಾಳಿಕೋರರ ಗುಪ್ತ ಕೀಲಿಯಿಂದ ಸಹಿಯಾದ ಆಜ್ಞೆ ಅದರಲ್ಲಿ ಅಡಗಿದ್ದರೆ ಪಾಸ್‌ವರ್ಡ್ ಕೇಳುವ ಮುಂಚೆಯೇ ಅದನ್ನು ಓಡಿಸುತ್ತದೆ. ಇಲ್ಲದಿದ್ದರೆ ಎಲ್ಲವೂ ಎಂದಿನಂತೆ. ಹಿಂಬಾಗಿಲು ಇದೆ ಎಂದು ಗೊತ್ತಾದರೂ ಆ ಕೀಲಿ ಇಲ್ಲದವರು ಅದನ್ನು ತೆರೆಯಲಾರರು.

ಎಸ್‌ಎಸ್‌ಎಚ್‌ಗೂ ಫೈಲ್ ಕುಗ್ಗಿಸುವ ಲೈಬ್ರರಿಗೂ ಏನು ನಂಟು ಎಂದು ಯಾರಾದರೂ ಕೇಳಿಯಾರು. ಏನೂ ಇಲ್ಲ, ಓಪನ್‌ಎಸ್‌ಎಸ್‌ಎಚ್ ಅದನ್ನು ಬಳಸುವುದೇ ಇಲ್ಲ. ಆದರೆ ಡೆಬಿಯನ್, ಫೆಡೋರಾದಂಥ ಹಲವು ವಿತರಣೆಗಳು (ಲಿನಕ್ಸ್‌ನ ಸಿದ್ಧ ರೂಪಗಳು) ತಮ್ಮದೊಂದು ಪ್ಯಾಚ್ ಹಾಕಿ ಅದಕ್ಕೆ ಲಿಬ್‌ಸಿಸ್ಟಮ್‌ಡಿ ಜೋಡಿಸಿದ್ದವು. ‘ನಾನು ಎದ್ದೆ, ಸಿದ್ಧನಿದ್ದೇನೆ’ ಎಂದು, ಯಂತ್ರದ ಸೇವೆಗಳನ್ನು ಶುರುಮಾಡಿ ನಡೆಸುವ ಸಿಸ್ಟಮ್‌ಡಿಗೆ ಒಂದು ಸಂದೇಶ ಕಳಿಸುವುದಕ್ಕಾಗಿ, ಅಷ್ಟೇ. ಲಿಬ್‌ಸಿಸ್ಟಮ್‌ಡಿ ತನ್ನ ಬೇರೆ ಕೆಲಸಕ್ಕೆ ಲಿಬ್‌ಎಲ್‌ಝಡ್‌ಎಂಎ ಎಳೆದುತರುತ್ತಿತ್ತು. ಒಂದು ಸಾಲಿನ ಸಂದೇಶಕ್ಕಾಗಿ ಊರೆಲ್ಲ ಒಳಗೆ ಬಂದಿತ್ತು. ಸಿಸ್ಟಮ್‌ಡಿ ತಂಡ ಇಂಥ ಲೈಬ್ರರಿಗಳನ್ನು ಬೇಕಾದಾಗ ಮಾತ್ರ ಲೋಡ್ ಮಾಡುವಂತೆ 2024ರ ಫೆಬ್ರವರಿಯ ಕೊನೆಯಲ್ಲಿ ಬದಲಾಯಿಸುತ್ತಿತ್ತು. ಆ ಬದಲಾವಣೆ ಎಲ್ಲೆಡೆ ಹರಡಿದ್ದರೆ ಈ ದಾರಿ ಮುಚ್ಚುತ್ತಿತ್ತು. ಖಾತೆಯ ಕೊನೆಯ ವಾರಗಳ ಅವಸರಕ್ಕೆ ಇದೇ ಕಾರಣ ಎಂದು ಹಲವರ ಊಹೆ. ನನಗೂ ಒಪ್ಪುವಂತಿದೆ.

ದೊಡ್ಡ ಯಂತ್ರದ ಪಕ್ಕದಲ್ಲೇ ಒಂದು ಚಿಕ್ಕ ಕಿತಾಪತಿಯೂ ನಡೆದಿತ್ತು. ಎಕ್ಸ್‌ಝಡ್ ತನ್ನ ಹಕ್ಕುಗಳನ್ನು ತಾನೇ ಕಡಿಮೆ ಮಾಡಿಕೊಳ್ಳಲು ಲ್ಯಾಂಡ್‌ಲಾಕ್ ಎಂಬ ಕರ್ನಲ್ ಸೌಲಭ್ಯ ಬಳಸುತ್ತದೆ. ಆ ಸೌಲಭ್ಯ ಇದೆಯೇ ಎಂದು ನೋಡಲು ಸಿಮೇಕ್ ಎಂಬ ಬಿಲ್ಡ್ ಸಲಕರಣೆಯ ಫೈಲ್‌ನಲ್ಲಿ ಒಂದು ಪುಟ್ಟ ಸಿ ಪ್ರೋಗ್ರಾಂ ಇದೆ. ಅದು ಕಂಪೈಲ್ ಆದರೆ ಇದೆ, ಆಗದಿದ್ದರೆ ಇಲ್ಲ. ಫೆಬ್ರವರಿ 26ರ ಕಮಿಟ್‌ನಲ್ಲಿ ಆ ಪುಟ್ಟ ಪ್ರೋಗ್ರಾಂ ಮಧ್ಯೆ ಒಂಟಿ ಸಾಲಿನಲ್ಲಿ ಒಂದು ಚುಕ್ಕೆ ಕೂತಿತು. ಚುಕ್ಕೆ ಇರುವವರೆಗೆ ಅದು ಎಂದೂ ಕಂಪೈಲ್ ಆಗದು, ರಕ್ಷಣೆ ಎಂದೂ ಚಾಲೂ ಆಗದು. ಡಿಫ್ (ಬದಲಾದ ಸಾಲುಗಳ ಪಟ್ಟಿ) ನೋಡುವಾಗ ಅದನ್ನು ಪರದೆಯ ಮೇಲಿನ ಧೂಳು ಎಂದುಕೊಂಡು ಒರೆಸಲು ಹೋದರೂ ಆಶ್ಚರ್ಯವಿಲ್ಲ.

ಹೊಸ ಆವೃತ್ತಿ ಬಂದಿದೆ, ತಗೊಳ್ಳಿ

ಎಕ್ಸ್‌ಝಡ್ 5.6.0 ಫೆಬ್ರವರಿ 24ರಂದು ಹೊರಬಂತು. ಕೂಡಲೇ ತೊಡಕು: ಮೆಮೊರಿ ದೋಷ ಹಿಡಿಯುವ ವಾಲ್‌ಗ್ರಿಂಡ್ ಗೊಣಗತೊಡಗಿತು. ಹಿಂಬಾಗಿಲೇ ಅದಕ್ಕೆ ಕಾರಣ. ಖಾತೆ ಮಾತ್ರ ಜಿಸಿಸಿಯ ಒಂದು ದೋಷದತ್ತ ಬೆರಳು ತೋರಿ, ಮಾರ್ಚ್ 9ರ 5.6.1ರಲ್ಲಿ ‘ಸರಿಪಡಿಸಿ’ ಕೊಟ್ಟಿತು. ಹೊಸ ಆವೃತ್ತಿಯಲ್ಲಿ ಒಳ್ಳೆಯ ಸೌಲಭ್ಯಗಳಿವೆ, ಸೇರಿಸಿಕೊಳ್ಳಿ ಎಂದು ಫೆಡೋರಾದವರಿಗೆ ಬರೆಯಿತು. ಅಲ್ಲಿನ ಮೇಂಟೇನರ್ ಜೊತೆ ಕೂತು ವಾಲ್‌ಗ್ರಿಂಡ್ ತೊಡಕನ್ನೂ ಬಿಡಿಸಿತು. ಹ್ಯಾನ್ಸ್ ಜಾನ್ಸೆನ್ ಮಾರ್ಚ್ 25ರಂದು ಡೆಬಿಯನ್‌ಗೆ ಹೋಗಿ 5.6.1ಕ್ಕೆ ಏರಿಸಿ ಎಂದು ಅರ್ಜಿ ಹಾಕಿತು. 28ರಂದು ಉಬುಂಟುವಿಗೂ ಅಂಥದ್ದೇ ವಿನಂತಿ ಹೋಯಿತು. ಡೆಬಿಯನ್‌ನ ಪ್ರಯೋಗ ಶಾಖೆಗಳು, ಫೆಡೋರಾ 40ರ ಬೀಟಾ ಮತ್ತು ರಾಹೈಡ್, ಓಪನ್‌ಸೂಸೆ ಟಂಬಲ್‌ವೀಡ್, ಕಾಲಿ ಲಿನಕ್ಸ್ ಇವುಗಳಿಗೆಲ್ಲ ಅಷ್ಟರಲ್ಲಿ ವಿಷ ತಲುಪಿಯಾಗಿತ್ತು. ಸರ್ವರ್‌ಗಳಲ್ಲಿ ಹೆಚ್ಚಾಗಿ ಓಡುವ ಸ್ಥಿರ ಆವೃತ್ತಿಗಳಿಗೆ ಇನ್ನೂ ತಲುಪಿರಲಿಲ್ಲ.

ಉತ್ತರ ಸಿಗುವವರೆಗೆ ಬಿಡದ ಪ್ರಶ್ನೆ

ಫ್ರಾಯಂಡ್ ಮಾಡಿದ್ದನ್ನು ಅದೃಷ್ಟ ಎಂದು ಬದಿಗೆ ಸರಿಸುವವರಿದ್ದಾರೆ. ಅರ್ಧ ಸೆಕೆಂಡು ನಿಧಾನವಾದದ್ದು ಅವರೊಬ್ಬರ ಯಂತ್ರದಲ್ಲಿ ಅಲ್ಲ. ‘ಇದೇಕೆ ಹೀಗೆ’ ಎಂದು ಹೊತ್ತು ಎಲ್ಲಿ ಹೋಗುತ್ತಿದೆ ಎಂದು ಅಳೆಯುವ ಪ್ರೊಫೈಲರ್ ಹಚ್ಚಿದ್ದು ಅವರು. ಸಮಯವೆಲ್ಲ ಲಿಬ್‌ಎಲ್‌ಝಡ್‌ಎಂಎ ಒಳಗೆ ಕಳೆಯುತ್ತಿತ್ತು, ಆದರೆ ಯಾವ ಫಂಕ್ಷನ್‌ನಲ್ಲಿ ಎಂದು ಪ್ರೊಫೈಲರ್‌ಗೆ ಹೆಸರು ಹೇಳಲಾಗಲಿಲ್ಲ. ಹೆಸರಿಲ್ಲದ ಕೋಡ್! ಆಗ ಅವರಿಗೆ ಕೆಲವು ವಾರಗಳ ಹಿಂದಿನ ಒಂದು ಸಂಗತಿ ನೆನಪಾಯಿತು. ಪ್ಯಾಕೇಜ್ ಅಪ್‌ಡೇಟ್ ಆದ ಬಳಿಕ ಪೋಸ್ಟ್‌ಗ್ರೆಸ್‌ನ ಸ್ವಯಂಚಾಲಿತ ಪರೀಕ್ಷೆಯಲ್ಲಿ ವಾಲ್‌ಗ್ರಿಂಡ್ ವಿಚಿತ್ರವಾಗಿ ಗೊಣಗಿತ್ತಲ್ಲ, ಎಂದು. ಎರಡು ಬಿಡಿ ಕಿರಿಕಿರಿಗಳು ಒಂದೇ ಕಡೆ ಬೆರಳು ಮಾಡಿದವು.

ಮಾರ್ಚ್ 29ರಂದು ಅವರು ಬಹಿರಂಗಪಡಿಸಿದ ವರದಿಯನ್ನು ನಾನು ಹೊಸಬರಿಗೆ ಆಗಾಗ ಓದಿಸುತ್ತೇನೆ, ಭದ್ರತೆಯ ಪಾಠಕ್ಕಲ್ಲ, ಬರವಣಿಗೆಯ ಪಾಠಕ್ಕೆ. ಮೊದಲು ಕಂಡ ಲಕ್ಷಣ, ಆಮೇಲೆ ಅದು ಏನೆಂದು ಗೊತ್ತಾಯಿತು ಎಂಬುದು. ಡೆಬಿಯನ್ ಪ್ಯಾಕೇಜ್ ಮಾತ್ರ ಕೆಟ್ಟಿದೆ ಎಂದು ಮೊದಲಿಗೆ ತಾವು ತಪ್ಪಾಗಿ ಭಾವಿಸಿದ್ದನ್ನು ಮುಚ್ಚಿಡಲಿಲ್ಲ. ಮೂಲ ರೆಪೊ ಮತ್ತು ಟಾರ್‌ಬಾಲ್‌ಗಳೇ ಕೆಟ್ಟಿವೆ ಎಂದು ನಂತರ ಕಂಡದ್ದನ್ನು ಬರೆದರು. ಗಡಿಯಾರದ ಅಂಕಿಗಳನ್ನು ಹಾಗೇ ಅಂಟಿಸಿದರು. ತಾವು ಭದ್ರತಾ ಸಂಶೋಧಕರಲ್ಲ, ಬೈನರಿ ಬಗೆದು ಓದುವ ಪರಿಣತರೂ ಅಲ್ಲ ಎಂದು ಹೇಳಿ, ತಮಗೆ ತಿಳಿದದ್ದೆಷ್ಟು, ಅನುಮಾನವೆಷ್ಟು ಎಂದು ಗೆರೆ ಎಳೆದರು. ಅದಕ್ಕೂ ಮೊದಲೇ ಡೆಬಿಯನ್‌ನ ಭದ್ರತಾ ತಂಡಕ್ಕೆ, ವಿತರಣೆಗಳಿಗೆ ಸದ್ದಿಲ್ಲದೆ ತಿಳಿಸಿದ್ದರು. ಬೈಗುಳ ಒಂದೂ ಇಲ್ಲ. 2022ರ ಜೂನ್ ಪತ್ರಗಳನ್ನೂ ಇದನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು.

ಆಮೇಲಿನದ್ದು ಎಲ್ಲರಿಗೂ ಗೊತ್ತಿರುವಂಥದ್ದು. ಸಿವಿಇ-2024-3094 ಎಂಬ ಭದ್ರತಾ ದೋಷದ ಸಂಖ್ಯೆ, ಹತ್ತಕ್ಕೆ ಹತ್ತು ತೀವ್ರತೆ. ವಿತರಣೆಗಳು ಹಳೇ ಆವೃತ್ತಿಗೆ ಮರಳಿದವು, ಉಬುಂಟು 24.04ರ ಬೀಟಾ ಒಂದು ವಾರ ಮುಂದೆ ಹೋಯಿತು, ಗಿಟ್‌ಹಬ್ ರೆಪೊವನ್ನೇ ಮುಚ್ಚಿತು. ಏಪ್ರಿಲ್ 15ರಂದು ಓಪನ್‌ಜೆಎಸ್ ಪ್ರತಿಷ್ಠಾನ ಮತ್ತು ಮುಕ್ತ ತಂತ್ರಾಂಶದ ಭದ್ರತೆ ನೋಡುವ ಓಪನ್‌ಎಸ್‌ಎಸ್‌ಎಫ್, ಜಾವಾಸ್ಕ್ರಿಪ್ಟ್ ಪ್ರಾಜೆಕ್ಟ್‌ಗಳಲ್ಲೂ ಇದೇ ಧಾಟಿಯ ಪತ್ರಗಳು ಬಂದಿದ್ದವು, ನಮ್ಮನ್ನು ಮೇಂಟೇನರ್ ಮಾಡಿ ಎಂಬ ಒತ್ತಾಯವೂ ಇತ್ತು, ಎಂದು ಎಚ್ಚರಿಸಿದವು. ಆ ವರ್ಷದ ಜುಲೈನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.8 ‘ಎದ್ದೆ’ ಎಂಬ ಸಂದೇಶವನ್ನು ತಾನೇ ಕಳಿಸಲು ಕಲಿತಿತು, ಲಿಬ್‌ಸಿಸ್ಟಮ್‌ಡಿಯ ಹಂಗು ತಪ್ಪಿತು.

ತಾಂತ್ರಿಕವಾಗಿ ಕಲಿಯಬೇಕಾದದ್ದರಲ್ಲಿ ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ: ಪ್ಯಾಕೇಜ್ ಮಾಡುವವರು ರೆಪೊದ ಟ್ಯಾಗ್‌ನಿಂದಲೇ ಬಿಲ್ಡ್ ಮಾಡಲಿ, ಆಗದಿದ್ದರೆ ಟಾರ್‌ಬಾಲ್‌ನಲ್ಲಿ ಹೆಚ್ಚುವರಿಯಾಗಿ ಏನಿದೆ ಎಂದು ಹೋಲಿಸಲಿ. ಇದಕ್ಕೆ ಕೆಲವೇ ಸಾಲಿನ ಸ್ಕ್ರಿಪ್ಟ್ ಸಾಕು. ಇನ್ನು, ಮೇಂಟೇನರ್‌ಗಳ ಗುರುತು ಚೀಟಿ ಪರಿಶೀಲಿಸಬೇಕು ಎಂಬ ವಾದ ಆಗ ಜೋರಾಗಿ ಕೇಳಿಬಂತು. ನನಗೆ ಅದರಲ್ಲಿ ನಂಬಿಕೆಯಿಲ್ಲ. ಎರಡು ವರ್ಷ ಕಾದು ಕೂರಬಲ್ಲವರಿಗೆ ಒಂದು ಚೀಟಿ ಹೊಂದಿಸುವುದು ಕಷ್ಟವೇ? ಚೀಟಿ ಕೇಳಿದರೆ ಹಿಂಜರಿದು ಹೋಗುವವರು ನಿಜವಾದ ಹವ್ಯಾಸಿಗಳು. ಕಾಲಿನ್ ಬೇಕೆಂದದ್ದು ಭಾರ ಹಂಚಿಕೊಳ್ಳುವ ಒಂದು ಕೈ. ಲೈಬ್ರರಿಯನ್ನು ಪುಕ್ಕಟೆಯಾಗಿ ಬಳಸುತ್ತಿದ್ದ ಯಾವ ಕಂಪನಿಯೂ ಆ ಕೈ ಚಾಚಲಿಲ್ಲ, ಚಾಚಿದ್ದು ಜಿಯಾ ಟಾನ್.

ಸುದ್ದಿ ಒಡೆದಾಗ ಕಾಲಿನ್ ಬಿಡುವಿನಲ್ಲಿದ್ದರು. ಬಂದ ಮೇಲೆ ಹಳೆಯ ಕಮಿಟ್‌ಗಳನ್ನು ಒಂದೊಂದಾಗಿ ಜಾಲಾಡಿ, ಐಫಂಕ್ ಬಳಕೆಯನ್ನೇ ಕಿತ್ತುಹಾಕಿ, ಮೇ 29ರಂದು ಶುದ್ಧವಾದ 5.6.2 ಬಿಡುಗಡೆ ಮಾಡಿದರು. ಅದಕ್ಕೆ ಎರಡು ತಿಂಗಳು ಮೊದಲು, ಮಾರ್ಚ್ 30ರಂದು, ಜಗತ್ತೆಲ್ಲ ಅವರ ಹೆಸರು ಹಿಡಿದು ಕೂಗುತ್ತಿದ್ದ ದಿನ, ರೆಪೊದಲ್ಲಿ ಅವರ ಒಂದು ಕಮಿಟ್ ಇದೆ. ಲ್ಯಾಂಡ್‌ಲಾಕ್ ಪರೀಕ್ಷೆಯನ್ನು ಹಾಳುಗೆಡವಿದ್ದನ್ನು ಸರಿಪಡಿಸಲಾಗಿದೆ ಎಂಬುದು ಅದರ ಟಿಪ್ಪಣಿ. ತೆರೆದು ನೋಡಿದರೆ, ಅಳಿಸಿರುವುದು ಆ ಒಂದು ಚುಕ್ಕೆ.